ದೂರದ ಜೀಪು ಅಗ್ಗ; ಮನೆಗೆ ತಂದ ಮೇಲೆ?

'ದೂರದ ಬೆಟ್ಟ ನುಣ್ಣಗೆ' ಎಂಬ ಗಾದೆಯನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಗಾಗಿ ಎಷ್ಟೋ ಸಲ ವಿಸ್ತರಿಸಿ ಬರೆದಿದ್ದೇನೆ. ಅದರ ಅರ್ಥ ನಿಜವಾಗಿ ತಲೆಗೆ ಹೋಗಿದ್ದು ಮಾತ್ರ 2025ರ ಜುಲೈನಲ್ಲಿ, ನಮ್ಮ ಮಂಜಣ್ಣ ದೆಹಲಿಯಿಂದ ಜೀಪು ತಂದಾಗ.

ಮಂಜಣ್ಣ ನನ್ನ ದೊಡ್ಡಪ್ಪನ ಮಗ. ಬೆಂಗಳೂರಿನಲ್ಲಿ ಖಾಸಗಿ ಕಂಪನಿಯೊಂದರಲ್ಲಿ ಕೆಲಸ. ಸೇರಿ ಮೂರು ವರ್ಷವಾಗಿತ್ತು. ತಂಗಿಯ ಕಾಲೇಜು ಫೀಸು, ಪಿ.ಜಿ. ಬಾಡಿಗೆ, ಮನೆಗೆ ಕಳಿಸುವ ಹಣ ಎಲ್ಲ ಕಳೆದು ಕೂಡಿಟ್ಟಿದ್ದ ದುಡ್ಡಿನಲ್ಲಿ ಒಂದು ಆಸೆ ತೀರಿಸಿಕೊಳ್ಳಬೇಕು ಅಂದುಕೊಂಡಿದ್ದ. ಸಕಲೇಶಪುರದ ಗುಡ್ಡ, ಚಾರ್ಮಾಡಿಯ ಮಳೆ ನೋಡಲು ಒಂದು ಹಳೇ ಫೋರ್ ವ್ಹೀಲ್ ಡ್ರೈವ್ ಜೀಪು ಬೇಕು. ಆಫೀಸಿಗೆ ಹೋಗಲು ಅಲ್ಲ, ತಿರುಗಾಡಲು. ಬರೀ ಖುಷಿಗಾಗಿ ಕೊಳ್ಳುವ ಗಾಡಿ.

ಹಾಸನದಲ್ಲಿ ಒಂದು ಜೀಪು ಇತ್ತು. 2017ರದು, ಡೀಸೆಲ್. ಕೇಳಿದ ಬೆಲೆ ಆರೂವರೆ ಲಕ್ಷ. ಅರಸೀಕೆರೆಯಲ್ಲಿ ಗ್ಯಾರೇಜ್ ಇಟ್ಟಿರುವ ನಮ್ಮ ಚಿಕ್ಕಪ್ಪ ಹೋಗಿ ನೋಡಿ ಬಂದು, "ಟೈರ್ ಇನ್ನೂ ಎರಡು ವರ್ಷ ಬರ್ತವೆ, ಇಂಜಿನ್ ಚೆನ್ನಾಗಿದೆ, ಹತ್ತಿಪ್ಪತ್ತು ಸಾವಿರ ಚೌಕಾಸಿ ಮಾಡು, ತಗೋ" ಅಂದರು. ಅಷ್ಟರಲ್ಲಿ ಮಂಜಣ್ಣನ ಮೊಬೈಲ್‌ಗೆ ದೆಹಲಿಯ ಒಂದು ಜಾಹೀರಾತು ಬಂತು. ಅದೇ ವರ್ಷದ ಅದೇ ಜೀಪು. ಬೆಲೆ ನಾಲ್ಕು ಲಕ್ಷದ ಎಂಬತ್ತು ಸಾವಿರ. ಬರೋಬ್ಬರಿ ಒಂದು ಲಕ್ಷದ ಎಪ್ಪತ್ತು ಸಾವಿರ ಉಳಿತಾಯ! "ಚಿಕ್ಕಪ್ಪ, ಹಾಸನದವರು ನಮ್ಮನ್ನ ಕೊಳ್ಳೆ ಹೊಡೀತಿದ್ದಾರೆ" ಅಂದ. ಚಿಕ್ಕಪ್ಪ ನಕ್ಕು, "ಅಗ್ಗ ಯಾಕಿದೆ ಅಂತ ಕೇಳಿದ್ಯೇನೋ?" ಅಂದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನಗೆ ಅದರಲ್ಲಿ ಪಠ್ಯವೂ ಸಿಕ್ಕಿತು, ಪಾಠವೂ ಸಿಕ್ಕಿತು.

ದೆಹಲಿಯಲ್ಲಿ ಯಾಕೆ ಅಗ್ಗ?

ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತ್ತು. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಇಂಥ ಗಾಡಿಗಳಿಗೆ ಬಂಕ್‌ಗಳಲ್ಲಿ ಇಂಧನವನ್ನೇ ಹಾಕಬಾರದು ಎಂಬ ನಿಯಮ ಜಾರಿಗೆ ಬಂತು. ಜನ ಗಲಾಟೆ ಮಾಡಿದ ಮೇಲೆ ಕೆಲವೇ ದಿನಗಳಲ್ಲಿ ಅದಕ್ಕೆ ತಡೆ ಬಿತ್ತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ವಯಸ್ಸೊಂದನ್ನೇ ನೋಡಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆ ಬಿಎಸ್-4 ಮತ್ತು ಅದರ ನಂತರದ ಗಾಡಿಗಳಿಗೆ ಮಾತ್ರ ಎಂದು ತಿದ್ದಿತು.

ಇಷ್ಟು ತಿರುವುಗಳ ನಡುವೆ ದೆಹಲಿಯ ಮಾಲೀಕ ಏನು ಮಾಡುತ್ತಾನೆ? ಎಂಟು ವರ್ಷವಾದ ಡೀಸೆಲ್ ಗಾಡಿಗೆ ಅಲ್ಲಿ ಉಳಿದಿರುವ ಆಯಸ್ಸು ಎರಡೇ ವರ್ಷ ಎಂದು ಲೆಕ್ಕ ಹಾಕಿ, ಸಿಕ್ಕಷ್ಟಕ್ಕೆ ಮಾರುತ್ತಾನೆ. ಅದೇ ಗಾಡಿ ಕರ್ನಾಟಕದಲ್ಲಿ ನೋಂದಣಿಯ 15 ವರ್ಷ ಪೂರ್ತಿ ಓಡಬಹುದು, ಆಮೇಲೆ ತಪಾಸಣೆ ಪಾಸಾದರೆ ಐದೈದು ವರ್ಷ ನವೀಕರಣವೂ ಆಗಬಹುದು. ಹಾಗಾಗಿ ಅಲ್ಲಿನ ಕಡಿಮೆ ಬೆಲೆಯಲ್ಲಿ ಮೋಸವೇ ಇರಬೇಕೆಂದಿಲ್ಲ. ಮಂಜಣ್ಣ ಇಷ್ಟರ ಮಟ್ಟಿಗೆ ಸರಿಯಾಗಿಯೇ ಯೋಚಿಸಿದ್ದ. ತಪ್ಪಿದ್ದು ಮುಂದಿನ ಲೆಕ್ಕ.

ತೆರಿಗೆ ಎಂಬ ಗಡಿ

2017ರಲ್ಲಿ ಜಿಎಸ್‌ಟಿ ಬಂದಾಗ 'ಒಂದು ದೇಶ, ಒಂದು ತೆರಿಗೆ' ಅಂದರು. ಗಾಡಿಯ ಮಟ್ಟಿಗೆ ಅದು ಷೋರೂಮಿನ ಬಾಗಿಲ ತನಕ ಮಾತ್ರ ನಿಜ. ಮೋಟಾರು ವಾಹನ ಕಾಯ್ದೆ ಕೇಂದ್ರದ್ದು. ನೋಂದಣಿಯ ನಿಯಮ ದೇಶಕ್ಕೆಲ್ಲ ಒಂದೇ. ಆದರೆ ವಾಹನ ತೆರಿಗೆ ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ, 57ನೇ ನಮೂದಾಗಿ ಇದೆ. ಅಂದರೆ ದರ ನಿಗದಿ ಮಾಡುವುದು ಆಯಾ ರಾಜ್ಯ. ಪರೀಕ್ಷೆಗೆ ಓದುವವರು ಇದನ್ನು ಗುರುತು ಹಾಕಿಕೊಳ್ಳಿ.

ಕರ್ನಾಟಕದ ಜೀವಾವಧಿ ತೆರಿಗೆ ದೇಶದಲ್ಲೇ ದುಬಾರಿ ದರಗಳಲ್ಲಿ ಒಂದು. ಕಾರು, ಜೀಪುಗಳಿಗೆ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ಒಂದು ಲಕ್ಷ ದಾಟಿದ ಬೈಕಿಗೂ ಶೇ 18. ಅದರ ಮೇಲೆ ಸೆಸ್ ಬೇರೆ. ಬೇರೆ ರಾಜ್ಯದ ಹಳೇ ಗಾಡಿಯನ್ನು ಇಲ್ಲಿಗೆ ತಂದರೆ ಅದರ ವಯಸ್ಸು ನೋಡಿ ತೆರಿಗೆ ಕಡಿಮೆ ಮಾಡುತ್ತಾರೆ. ಆದರೆ ಲೆಕ್ಕ ಹಾಕುವುದು ನೀವು ಕೊಟ್ಟ ಸೆಕೆಂಡ್ ಹ್ಯಾಂಡ್ ಬೆಲೆಯ ಮೇಲಲ್ಲ, ಗಾಡಿ ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಮಂಜಣ್ಣ ನಾಲ್ಕು ಲಕ್ಷದ ಎಂಬತ್ತು ಸಾವಿರಕ್ಕೆ ಲೆಕ್ಕ ಹಾಕಿಕೊಂಡಿದ್ದ. ಆರ್‌ಟಿಒದಲ್ಲಿ ಒಂಬತ್ತು ಲಕ್ಷಕ್ಕೆ ಹಾಕಿದರು. ಸೆಸ್ ಸೇರಿ 75 ಸಾವಿರ ಬಂತು.

"ಹಾಗಾದರೆ ಡಿಎಲ್ ನಂಬರ್‌ನಲ್ಲೇ ಓಡಿಸಿದರಾಯಿತು" ಎಂದು ನಿಮಗೂ ಅನ್ನಿಸಬಹುದು. ನೋಂದಣಿ ದೇಶದೆಲ್ಲೆಡೆ ಊರ್ಜಿತವೇ. ಆದರೆ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರ್ ಪಡೆಯಲೇಬೇಕು. ನಮ್ಮ ರಾಜ್ಯ 2014ರಲ್ಲಿ ತನ್ನ ತೆರಿಗೆ ಕಾನೂನಿಗೆ ತಿದ್ದುಪಡಿ ತಂದು, 30 ದಿನ ದಾಟಿದರೆ ಜೀವಾವಧಿ ತೆರಿಗೆ ಕಟ್ಟಬೇಕು ಅಂದಿತ್ತು. 2016ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಇನ್ನು ಗಾಡಿ ಕೊಂಡವರಿಗೆ ಈ 12 ತಿಂಗಳ ಮಾತು ಪೂರ್ತಿ ಅನ್ವಯಿಸುವುದೂ ಇಲ್ಲ. ಮಾಲೀಕತ್ವ ಬದಲಾದರೆ 30 ದಿನದೊಳಗೆ ಕೊಂಡವನು ಆರ್‌ಟಿಒಗೆ ತಿಳಿಸಬೇಕು ಎಂದು 50ನೇ ಸೆಕ್ಷನ್ ಹೇಳುತ್ತದೆ.

ತೆರಿಗೆ ತಪ್ಪಿಸಲು ಗಾಡಿಗೆ ದೂರದ ವಿಳಾಸ ಕೊಡುವುದು ನಮ್ಮ ದೇಶದ ಚಾಳಿ ಮಾತ್ರ ಅಲ್ಲ. ಅಮೆರಿಕದಲ್ಲಿ ಮಲಗುವ ಕೋಣೆ, ಅಡುಗೆಮನೆ ಎಲ್ಲ ಇರುವ ದೊಡ್ಡ ಪ್ರವಾಸಿ ವಾಹನಗಳನ್ನು ಕೊಳ್ಳುವ ಕೆಲವರು ಮೊಂಟಾನಾ ರಾಜ್ಯದಲ್ಲಿ ಹೆಸರಿಗೊಂದು ಕಂಪನಿ ತೆರೆದು ಅದರ ಹೆಸರಿನಲ್ಲಿ ನೋಂದಣಿ ಮಾಡಿಸುತ್ತಾರೆ. ಆ ರಾಜ್ಯದಲ್ಲಿ ಮಾರಾಟ ತೆರಿಗೆ ಇಲ್ಲ. ಅವರ ಸ್ವಂತ ರಾಜ್ಯದವರು ಬೆನ್ನು ಹತ್ತಿ ವಸೂಲಿ ಮಾಡುವುದೂ ಉಂಟು. ನಮ್ಮಲ್ಲಿ ಪುದುಚೇರಿ ನಂಬರಿನ ಐಷಾರಾಮಿ ಕಾರುಗಳ ಕಥೆ ಅದೇ. ಕೇರಳದಲ್ಲಿ 2017ರಲ್ಲಿ ಸಿನಿಮಾ ನಟರ ಕಾರುಗಳೇ ಈ ವಿಷಯದಲ್ಲಿ ಸುದ್ದಿಯಾದವು. ಕೋಟಿ ಬೆಲೆಯ ಕಾರಿನವರಿಗೆ ವಕೀಲರಿರುತ್ತಾರೆ. ನಮ್ಮಂಥವರ ಗಾಡಿಯನ್ನು ರಸ್ತೆಯಲ್ಲಿ ನಿಲ್ಲಿಸಿದರೆ ಫೋನ್ ಮಾಡಲು ಚಿಕ್ಕಪ್ಪ ಮಾತ್ರ ಇರುತ್ತಾರೆ.

ಒಂದು ಕಾಗದಕ್ಕೆ ಐದು ತಿಂಗಳು

ಮಂಜಣ್ಣ ರೈಲಿನಲ್ಲಿ ಹೋಗಿ, ಜೀಪು ಓಡಿಸಿಕೊಂಡೇ ಬಂದ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ. ಆ ನಾಲ್ಕು ದಿನ ತನ್ನ ಜೀವನದ ಅತ್ಯಂತ ಒಳ್ಳೆಯ ದಿನಗಳು ಎಂದು ಈಗಲೂ ಹೇಳುತ್ತಾನೆ. ಐದನೇ ದಿನದಿಂದ ಜೀಪು ಅರಸೀಕೆರೆಯ ಗ್ಯಾರೇಜಿನ ಬೇವಿನ ಮರದ ಕೆಳಗೆ ನಿಂತಿತು.

ಕಾರಣ, ನಿರಾಕ್ಷೇಪಣಾ ಪತ್ರ. ಎಲ್ಲರೂ ಎನ್‌ಒಸಿ ಅನ್ನುತ್ತಾರಲ್ಲ, ಅದು. ಗಾಡಿ ಮೊದಲು ನೋಂದಣಿಯಾದ ಆರ್‌ಟಿಒ ಅದನ್ನು ಕೊಡದೆ ಇಲ್ಲಿನ ಆರ್‌ಟಿಒ ಹೊಸ ನಂಬರ್ ಕೊಡುವುದಿಲ್ಲ. ಅದನ್ನು ಕೊಡುವ ಮೊದಲು ಗಾಡಿ ಕಳವಿನದ್ದಲ್ಲ ಎಂಬ ಪೊಲೀಸ್ ವರದಿ ಬೇಕು, ಸರ್ಕಾರಕ್ಕೆ ಬಾಕಿ ಇರಬಾರದು. ಗಾಡಿ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ಮಾರಿದ ಡೀಲರ್ "ಹದಿನೈದು ದಿನದಲ್ಲಿ ಕೊರಿಯರ್ ಮಾಡ್ತೀನಿ" ಅಂದಿದ್ದ. ಆಮೇಲೆ ಗೊತ್ತಾಯಿತು: ಮೊದಲ ಮಾಲೀಕ ಬ್ಯಾಂಕಿನ ಸಾಲ ತೀರಿಸಿದ್ದರೂ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿರಲಿಲ್ಲ. ಅದಕ್ಕೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಬೇಕು. ಜೊತೆಗೆ ಮೂರು ಟ್ರಾಫಿಕ್ ದಂಡ ಬಾಕಿ. ಡೀಲರ್ ಮೊದಲು ನಾಳೆ ಅಂದ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಮಂಜಣ್ಣ ರಜೆ ಹಾಕಿ ಮತ್ತೆ ದೆಹಲಿಗೆ ಹೋಗಿ, ಮೊದಲ ಮಾಲೀಕನ ಮನೆ ಹುಡುಕಿ, ಸಹಿ ಹಾಕಿಸಿಕೊಂಡು ಬರಬೇಕಾಯಿತು. ಆ ಪುಣ್ಯಾತ್ಮ ಒಳ್ಳೆಯವನು, ಟೀ ಕೊಟ್ಟು ಸಹಿ ಹಾಕಿದ. ಮನೆ ಬದಲಿಸಿ ಎಲ್ಲೋ ಹೋಗಿದ್ದರೆ?

ಎನ್‌ಒಸಿ ಅರ್ಜಿಗೆ 30 ದಿನದಲ್ಲಿ ಉತ್ತರ ಕೊಡದಿದ್ದರೆ ಕೊಟ್ಟಂತೆಯೇ ಎಂದು 48ನೇ ಸೆಕ್ಷನ್ನಿನಲ್ಲಿದೆ. ಆದರೆ ಅರ್ಜಿಯೇ ಸರಿಯಾಗಿ ಸಲ್ಲಿಕೆಯಾಗದಿದ್ದರೆ ಆ ಅನುಕೂಲ ಯಾರಿಗೂ ಸಿಗುವುದಿಲ್ಲ. ಜುಲೈನಲ್ಲಿ ಬಂದ ಜೀಪಿಗೆ ಕೆ.ಎ. ನಂಬರ್ ಸಿಕ್ಕಿದ್ದು ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಮಳೆಗಾಲವೇ ಮುಗಿದಿತ್ತು. ಚಾರ್ಮಾಡಿಯ ಮಳೆ ನೋಡಲು ಕೊಂಡ ಜೀಪು ಅರಸೀಕೆರೆಯ ಧೂಳು ನೋಡಿತು.

ಒಂದು ರಾತ್ರಿ ನಾನೂ ಅವನೂ ನೋಟ್‌ಬುಕ್ ಹಿಡಿದು ಲೆಕ್ಕ ಬರೆದೆವು. ತೆರಿಗೆ 75 ಸಾವಿರ. ಮೊದಲ ಪ್ರಯಾಣ, ವಸತಿ 8 ಸಾವಿರ. ದಾರಿಯ ಡೀಸೆಲ್, ಟೋಲ್, ಊಟ 27 ಸಾವಿರ. ಶುಲ್ಕ ಮತ್ತು ಏಜೆಂಟ್ ಖರ್ಚು 9 ಸಾವಿರ. ಎರಡನೇ ದೆಹಲಿ ಯಾತ್ರೆ 13 ಸಾವಿರ. ಬಂದ ಮೇಲೆ ಟೈರ್, ಕ್ಲಚ್ ಕೆಲಸ 30 ಸಾವಿರ. ಒಟ್ಟು 1 ಲಕ್ಷದ 62 ಸಾವಿರ. ಉಳಿತಾಯ ಅಂದುಕೊಂಡಿದ್ದು 1 ಲಕ್ಷದ 70 ಸಾವಿರ. ನಿಜವಾಗಿ ಉಳಿದದ್ದು ಎಂಟು ಸಾವಿರ. ಹಾಸನದವರ ಹತ್ತಿರ ಚಿಕ್ಕಪ್ಪ ಹೇಳಿದಂತೆ ಚೌಕಾಸಿ ಮಾಡಿದ್ದರೆ ಅದಕ್ಕಿಂತ ಹೆಚ್ಚೇ ಉಳಿಯುತ್ತಿತ್ತು.

ಹೆಸರು ಬದಲಾಗದಿದ್ದರೆ ಯಾರಿಗೆ ಕಷ್ಟ?

ಆ ಐದು ತಿಂಗಳು ದಾಖಲೆಯಲ್ಲಿ ಜೀಪು ದೆಹಲಿಯವನ ಹೆಸರಿನಲ್ಲೇ ಇತ್ತು. ಆಗ ಅಪಘಾತವಾಗಿದ್ದರೆ? ಗಾಡಿ ಮಾರಿಬಿಟ್ಟಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ತೀರ್ಪೊಂದರಲ್ಲಿ ಹೇಳಿದೆ. ಕಾಲೇಜು ಮುಗಿದ ಮೇಲೆ ಹಳೇ ಬೈಕನ್ನು ಜೂನಿಯರ್‌ಗೆ ಮಾರಿ, 'ಆಮೇಲೆ ಹೆಸರು ಬದಲಾಯಿಸ್ಕೋ' ಎಂದು ಬಿಟ್ಟುಬಿಡುವ ಗೆಳೆಯರು ಇದನ್ನು ಎರಡು ಸಲ ಓದಿ. ಫಾರಂ 29 ಮತ್ತು 30ಕ್ಕೆ ಸಹಿ ಹಾಕುವುದಷ್ಟೇ ಅಲ್ಲ, ಅವು ಆರ್‌ಟಿಒದಲ್ಲಿ ದಾಖಲಾಗುವವರೆಗೂ ಆ ಬೈಕು ನಿಮ್ಮದೇ.

ವಿಮೆಯೂ ಹಾಗೆ. ಗಾಡಿ ಕೊಂಡ 14 ದಿನದೊಳಗೆ ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಬೇಕು. ಇಲ್ಲದಿದ್ದರೆ ನಿಮ್ಮ ಗಾಡಿಗೆ ಆದ ಹಾನಿಗೆ ಪರಿಹಾರ ಕೇಳಲು ಹೋದಾಗ ಕಂಪನಿ ಕೈ ಎತ್ತಬಹುದು. ಹಳೇ ಮಾಲೀಕನ 'ನೋ ಕ್ಲೇಮ್' ರಿಯಾಯಿತಿ ಗಾಡಿಯ ಜೊತೆ ನಿಮಗೆ ಬರುವುದಿಲ್ಲ, ಅವನ ಜೊತೆಗೇ ಹೋಗುತ್ತದೆ.

ಹತ್ತಿರದವರೆಲ್ಲ ಸಾಚಾನಾ?

ಹಾಗೆಂದು ಹತ್ತಿರದ ಡೀಲರ್‌ಗಳೆಲ್ಲ ಸತ್ಯಹರಿಶ್ಚಂದ್ರರು ಎಂದು ನಾನು ಹೇಳುತ್ತಿಲ್ಲ. ಮೀಟರ್ ಹಿಂದಕ್ಕೆ ತಿರುಗಿಸುವವರು ನಮ್ಮೂರಲ್ಲೂ ಇದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಹತ್ತಿರದ್ದನ್ನು ಹೀಗಳೆಯುವುದು ಎಷ್ಟು ತಪ್ಪೋ, ಹತ್ತಿರದ್ದೆಂದು ಕಣ್ಣು ಮುಚ್ಚಿ ನಂಬುವುದೂ ಅಷ್ಟೇ ತಪ್ಪು. ವ್ಯತ್ಯಾಸ ಇಷ್ಟೇ: ಹತ್ತಿರದವನ ಅಂಗಡಿ ಮುಂದೆ ನಾಳೆ ಬೆಳಿಗ್ಗೆ ಹೋಗಿ ನಿಲ್ಲಬಹುದು. ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ, ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿಸಿ, ಅಡಿಯಲ್ಲಿ ತುಕ್ಕು ಹಿಡಿದಿದೆಯಾ ಎಂದು ಬಗ್ಗಿ ನೋಡಬಹುದು. ಫೋಟೊದಲ್ಲಿ ಗಾಡಿಯ ಕೆಳಭಾಗವನ್ನು ಯಾರೂ ತೋರಿಸುವುದಿಲ್ಲ. ಸಮುದ್ರ ತೀರದ ಊರಿನ ಗಾಡಿಯಾದರೆ ಇದನ್ನು ನೋಡಲೇಬೇಕು.

ದೂರದಿಂದ ತರುವುದು ಸರಿಯಾಗುವ ಸಂದರ್ಭವೂ ಇದೆ. ನಿಮಗೆ ಬೇಕಾದ ಮಾದರಿ ಇಲ್ಲಿ ಸಿಗುವುದೇ ಇಲ್ಲ. ತೆರಿಗೆ, ಪ್ರಯಾಣ ಎಲ್ಲ ಸೇರಿಸಿದ ಮೇಲೂ ದೊಡ್ಡ ಮೊತ್ತ ಉಳಿಯುತ್ತದೆ. ಗಾಡಿ ನೋಡಿಕೊಡಲು ಆ ಊರಿನಲ್ಲಿ ನಂಬಿಕಸ್ಥ ಗೆಳೆಯರಿದ್ದಾರೆ. ಎನ್‌ಒಸಿ ಕೈಗೆ ಬಂದ ಮೇಲೆ ಪೂರ್ತಿ ಹಣ ಎಂದು ಮಾರುವವರು ಒಪ್ಪುತ್ತಾರೆ. ಈ ನಾಲ್ಕೂ ಕೂಡಿಬಂದರೆ ಧಾರಾಳವಾಗಿ ಹೋಗಿ. ಮಂಜಣ್ಣನಿಗೆ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ.

ಕೆಲಸದ ಮೇಲೆ ಊರೂರು ಬದಲಾಗುವವರಿಗೆ ಇನ್ನೊಂದು ದಾರಿ ಇದೆ. 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರ್. ಸರ್ಕಾರಿ ನೌಕರರಿಗೆ, ರಕ್ಷಣಾ ಪಡೆಯವರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯ ನೌಕರರಿಗೆ ಇದು ಸಿಗುತ್ತದೆ. ತೆರಿಗೆಯನ್ನು ಜೀವಾವಧಿಗೆ ಒಂದೇ ಸಲ ಕಟ್ಟದೆ ಎರಡೆರಡು ವರ್ಷಕ್ಕೆ ಕಟ್ಟಬಹುದು, ರಾಜ್ಯ ಬದಲಾದರೂ ನಂಬರ್ ಬದಲಿಸಬೇಕಿಲ್ಲ. ಕ್ಯಾಂಪಸ್ ಆಯ್ಕೆಯಲ್ಲಿ ಕೆಲಸ ಸಿಕ್ಕವರು ಗಾಡಿ ಬುಕ್ ಮಾಡುವ ಮೊದಲು ಕಂಪನಿಯ ಎಚ್‌ಆರ್ ಅವರನ್ನು ಒಮ್ಮೆ ಕೇಳಿ ನೋಡಿ.

ಹೊಸ ಬೈಕೇ ಬೇಕೆನ್ನುವವರು 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 350 ಸಿಸಿವರೆಗಿನ ಬೈಕಿಗೆ ಶೇ 28 ಇದ್ದ ತೆರಿಗೆ ಶೇ 18ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡ ಬೈಕಿಗೆ ಶೇ 40 ಆಯಿತು. ಹೊಸದರ ಬೆಲೆ ಇಳಿದ ಮೇಲೆ ಹಳೇದಕ್ಕೆ ಹಳೇ ರೇಟು ಹೇಳುವವರ ಹತ್ತಿರ ಧೈರ್ಯವಾಗಿ ಚೌಕಾಸಿ ಮಾಡಿ.

ಮೋಸವಾದರೆ ಎಲ್ಲಿಗೆ ಹೋಗುವುದು?

ಮೊದಲು ದೆಹಲಿಯ ಡೀಲರ್ ಮೇಲೆ ಕೇಸು ಹಾಕಲು ದೆಹಲಿಗೇ ಹೋಗಬೇಕು ಎಂಬ ಭಯವಿತ್ತು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಇದನ್ನು ಬದಲಿಸಿತು. ಈಗ ದೂರು ಕೊಡುವವರು ತಾವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಸಲ್ಲಿಸಬಹುದು. ಅಂದರೆ ಹಾಸನದಲ್ಲಿ ಕೂತು ದೆಹಲಿಯವನನ್ನು ಪ್ರಶ್ನಿಸಬಹುದು. ಮೊತ್ತ 5 ಲಕ್ಷ ದಾಟದಿದ್ದರೆ ಶುಲ್ಕವೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆದರೆ ಇದು ವ್ಯಾಪಾರಿಯಿಂದ ಕೊಂಡಾಗ ಮಾತ್ರ. ನಮ್ಮ ನಿಮ್ಮಂಥ ಸಾಮಾನ್ಯ ವ್ಯಕ್ತಿ ತನ್ನ ಹಳೇ ಗಾಡಿಯನ್ನು ನಿಮಗೆ ಮಾರಿದರೆ ಅವನು ಈ ಕಾಯ್ದೆಯ ಕೈಗೆ ಸಿಗುವುದಿಲ್ಲ. ದುಡ್ಡು ಸ್ವಲ್ಪ ಹೆಚ್ಚಾದರೂ ಡೀಲರ್‌ನಿಂದ ಬಿಲ್ ಸಮೇತ ಕೊಳ್ಳುವುದಕ್ಕೆ ಇದೊಂದು ಕಾರಣ.

'ನಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಬೈಕು ಅರ್ಧ ಬೆಲೆಗೆ ಕೊಡ್ತೀನಿ, ಸಾಗಣೆ ಖರ್ಚು ಮೊದಲು ಕಳಿಸಿ' ಎಂಬ ಮೆಸೇಜು ಬಂದರೆ ಅಲ್ಲೇ ನಿಲ್ಲಿ. ಸೈನಿಕರ ಮೇಲೆ ನಮಗಿರುವ ಗೌರವವನ್ನೇ ಬಂಡವಾಳ ಮಾಡಿಕೊಂಡ ಹಳೇ ವಂಚನೆ ಇದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಅಷ್ಟು ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಇನ್ನೊಂದು ಎಚ್ಚರಿಕೆಯ ಗಂಟೆ ಬಾರಿಸಿದ್ದು ಕೇರಳದಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಕಸ್ಟಮ್ಸ್ ಅಧಿಕಾರಿಗಳು 'ಆಪರೇಷನ್ ನುಮ್‌ಖೋರ್' ಹೆಸರಿನಲ್ಲಿ ದಾಳಿ ಮಾಡಿದರು. ಭೂತಾನ್‌ನಿಂದ ಸುಂಕ ಕಟ್ಟದೆ ತಂದು, ಬೇರೆ ರಾಜ್ಯಗಳಲ್ಲಿ ನೋಂದಣಿ ಮಾಡಿಸಿ ಮಾರಿದ ಗಾಡಿಗಳು ಎಂಬ ಶಂಕೆಯ ಮೇಲೆ ಹಲವು ದೊಡ್ಡ ಜೀಪು, ಎಸ್‌ಯುವಿಗಳನ್ನು ವಶಪಡಿಸಿಕೊಂಡರು. ಕೈಯಲ್ಲಿ ಆರ್‌ಸಿ ಇದ್ದರೂ ಗಾಡಿ ಮನೆ ಅಂಗಳದಿಂದ ಹೋಗಬಹುದು ಎಂದಾಯಿತಲ್ಲ! ಆದ್ದರಿಂದ ಮುಂಗಡ ಕೊಡುವ ಮೊದಲೇ ನಂಬರ್ ಹಾಕಿ ಸರ್ಕಾರದ ಪರಿವಾಹನ್ ಆ್ಯಪಿನಲ್ಲಿ ಮಾಲೀಕತ್ವ, ಸಾಲ, ವಿಮೆ, ದಂಡ ನೋಡಿ. ಛಾಸಿ ನಂಬರ್ ಮತ್ತು ಇಂಜಿನ್ ನಂಬರ್‌ಗಳನ್ನು ಗಾಡಿಯ ಮೇಲೆಯೇ ಓದಿ ಆರ್‌ಸಿ ಜೊತೆ ಹೋಲಿಸಿ. ಮೊದಲು ಕೊಂಡಾಗಿನ ಬಿಲ್ ಕೇಳಿ. ತೆರಿಗೆ ಲೆಕ್ಕಕ್ಕೂ ಅದು ಬೇಕಾಗುತ್ತದೆ.

ಸರ್ಕಾರ ಮಾಡಬೇಕಾದ್ದೂ ಇದೆ. ನಂಬರ್, ಮಾಲೀಕರ ಹೆಸರು, ದಂಡ ಎಲ್ಲವೂ ಒಂದೇ ದೇಶವ್ಯಾಪಿ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಕಾಣುವಾಗ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಲು ಇಷ್ಟೊಂದು ಕಾಗದ ಯಾಕೆ? ಕೆಲಸಕ್ಕಾಗಿ ಊರು ಬಿಟ್ಟು ಊರಿಗೆ ಹೋಗುವುದೇ ನಮ್ಮ ಪೀಳಿಗೆಯ ಬದುಕು. ರಾಜ್ಯಗಳು ತಮ್ಮ ತೆರಿಗೆ ಬಿಟ್ಟುಕೊಡಬೇಕಿಲ್ಲ. ಒಂದೇ ಅರ್ಜಿ, ಒಂದೇ ಶುಲ್ಕ, ಒಂದು ಗಡುವು ಎಂದಾದರೆ ಅರ್ಧ ಗೋಳು ತಪ್ಪುತ್ತದೆ. ಏಜೆಂಟರ ಅಂಗಡಿಯೂ ಅರ್ಧ ಖಾಲಿಯಾಗುತ್ತದೆ.

ಮೊನ್ನೆ ಸಂಕ್ರಾಂತಿಗೆ ಮಂಜಣ್ಣ ಜೀಪು ತಂದಿದ್ದ. ಹೊಸ ನಂಬರ್ ಪ್ಲೇಟ್ ಫಳಫಳ ಹೊಳೆಯುತ್ತಿತ್ತು. ಎಲ್ಲರೂ ಕೂತು ಸಕಲೇಶಪುರದ ಕಡೆ ಹೋದೆವು. ದಾರಿಯಲ್ಲಿ ಚಿಕ್ಕಪ್ಪ, "ಹೆಂಗೋ, ಎಂಟು ಸಾವಿರ ಉಳೀತಲ್ಲ, ಊಟ ಕೊಡಿಸು" ಅಂದರು. ಮಂಜಣ್ಣ ಎಲ್ಲರಿಗೂ ಊಟ ಕೊಡಿಸಿದ. ಹೊರಡುವ ಮುನ್ನ ನನ್ನ ಕಡೆ ತಿರುಗಿ, "ನೀನು ಬೈಕ್ ತಗೊಳ್ಳೋವಾಗ ಮೊದಲು ನೋಟ್‌ಬುಕ್ ತೆಗಿ, ಆಮೇಲೆ ಮೊಬೈಲ್ ತೆಗಿ" ಅಂದ. ನನಗೆ ಕೆಲಸವೇ ಇನ್ನೂ ಸಿಕ್ಕಿಲ್ಲ. ಆದರೆ ನೋಟ್‌ಬುಕ್ ಇದೆ. ಆ ಲೆಕ್ಕದ ಹಾಳೆಯನ್ನು ಅದರಲ್ಲೇ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.